ಶಸ್ತ್ರಚಿಕಿತ್ಸೆಗೆ ಮುನ್ನ ಮಾಂಗಲ್ಯ ತೆಗೆದರೆ ದೋಷವೇ?

ಪ್ರಶ್ನೆ: ನನಗೆ 49 ವರ್ಷ. ಗರ್ಭಕೋಶದಲ್ಲಿ ಗಡ್ಡೆಯಾಗಿ ತಿಂಗಳಲ್ಲಿ ಅರ್ಧ ದಿನ ರಕ್ತಸ್ರಾವ. ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಗರ್ಭಕೋಶ ತೆಗೆಯಲೇಬೇಕು ಎಂದು ವೈದ್ಯರು ಹೇಳಿದ್ದಾರೆ. ಆಪರೇಷನ್ ದಿನ ಮಾಂಗಲ್ಯ, ಬಳೆ, ಕಾಲುಂಗುರ, ಮೂಗುಬೊಟ್ಟು, ಓಲೆ ಯಾವುದೂ ಮೈಮೇಲೆ ಇರಬಾರದಂತೆ. ಮದುವೆಯಾಗಿ 26 ವರ್ಷವಾಯಿತು, ದಾರ ಬದಲಾಯಿಸುವಾಗ ಬಿಟ್ಟರೆ ಮಾಂಗಲ್ಯ ತೆಗೆದವಳಲ್ಲ. ನಮ್ಮ ಅತ್ತೆಯವರಿಗೆ 82 ವರ್ಷ. "ತಾಳಿ ತೆಗೆದರೆ ನನ್ನ ಮಗನ ಆಯುಸ್ಸಿಗೆ ಕುಂದು" ಎಂದು ಅಳುತ್ತಾರೆ. ಯಜಮಾನರು ತಾಯಿಗೂ ಎದುರಾಡುವುದಿಲ್ಲ, ನನ್ನನ್ನೂ ಬಲವಂತ ಮಾಡುವುದಿಲ್ಲ, "ನಿನ್ನಿಷ್ಟ" ಅಂತಾರೆ. ಈಗಾಗಲೇ ಎರಡು ಸಲ ದಿನಾಂಕ ಮುಂದೂಡಿದ್ದೇವೆ. ಮಾಂಗಲ್ಯ ತೆಗೆದರೆ ದೋಷವಿದೆಯೇ? ಇದ್ದರೆ ಪರಿಹಾರವೇನು? ಮತ್ತೆ ಯಾವಾಗ ಧರಿಸಬೇಕು?
— ಓರ್ವ ಗೃಹಿಣಿ, ಬೆಂಗಳೂರು

ಉತ್ತರ: ತಾಯಿ, ಮೊದಲು ಉತ್ತರ ಹೇಳಿಬಿಡುತ್ತೇನೆ, ವಿಚಾರ ಆಮೇಲೆ. ಮಾಂಗಲ್ಯ ತೆಗೆಯಬಹುದು. ದೋಷವಿಲ್ಲ. ದೋಷವಿಲ್ಲದ ಮೇಲೆ ಪರಿಹಾರದ ಮಾತೂ ಇಲ್ಲ. ಮೂರನೇ ಸಲ ದಿನಾಂಕ ಮುಂದೂಡಬೇಡಿ. ಪತ್ರಿಕೆ ಅಚ್ಚಾಗಿ ನಿಮ್ಮ ಕೈಸೇರುವ ತನಕ ನೀವು ಕಾಯುವುದು ಬೇಡ ಅಂತ, ಇಷ್ಟನ್ನು ದೂರವಾಣಿಯಲ್ಲೇ ನಿಮಗೆ ತಿಳಿಸಬೇಕೆಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ. ಇಲ್ಲಿ ಬರೆಯುತ್ತಿರುವುದು ನಿಮಗೆ ಮಾತ್ರವಲ್ಲ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾರನ್ನೂ ಕೇಳಲಾರದೆ, ನಾಳೆ ನಾಡಿದ್ದು ಅಂತ ದಿನ ತಳ್ಳುತ್ತಿರುವವರು ಎಷ್ಟೋ ಮನೆಗಳಲ್ಲಿದ್ದಾರೆ. ಅವರೆಲ್ಲರಿಗೂ ಇದು.

ವೈದ್ಯರು ಯಾಕೆ ತೆಗೆಯಿರಿ ಅಂತಾರೆ ಎನ್ನುವುದನ್ನು ಮೊದಲು ತಿಳಿಯೋಣ. ನಮ್ಮ ಸಂಪ್ರದಾಯದ ಮೇಲೆ ಅಗೌರವದಿಂದಲ್ಲ. ಈಗಿನ ಆಪರೇಷನ್‌ಗಳಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ತಿನ ಉಪಕರಣ ಬಳಸುತ್ತಾರೆ. ಆ ವಿದ್ಯುತ್ತು ದೇಹದಲ್ಲಿ ಹಾದು, ಚರ್ಮಕ್ಕೆ ಅಂಟಿಸಿದ ಒಂದು ಪಟ್ಟಿಯ ಮೂಲಕ ಹೊರಗೆ ಹೋಗಬೇಕು. ಮೈಮೇಲೆ ಲೋಹವಿದ್ದರೆ ಆ ಜಾಗದಲ್ಲಿ ಸುಡುವ ಅಪಾಯ ಇರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಬೆರಳು ಊದಿಕೊಂಡರೆ ಉಂಗುರ ರಕ್ತಸಂಚಾರವನ್ನೇ ಬಿಗಿಹಿಡಿಯುತ್ತದೆ. ಪ್ರಜ್ಞೆ ತಪ್ಪಿಸಿದ ಮೇಲೆ ಉಸಿರಾಟಕ್ಕೆ ಗಂಟಲಿನೊಳಗೆ ಕೊಳವೆ ಇಳಿಸುತ್ತಾರೆ. ಆಗ ಮೂಗುಬೊಟ್ಟಿನ ತಿರುಪು ಕಳಚಿ ಒಳಗೆ ಬಿದ್ದರೆ ಶ್ವಾಸನಾಳಕ್ಕೇ ಹೋಗಬಹುದು. ಇನ್ನು ಮಾಂಗಲ್ಯದ ಸರಕ್ಕೆ ನಮ್ಮ ಹೆಣ್ಣುಮಕ್ಕಳು ಪಿನ್ನು ಸಿಕ್ಕಿಸಿಕೊಂಡಿರುತ್ತಾರೆ. ಪ್ರಜ್ಞೆಯಿಲ್ಲದೆ ಮಲಗಿದ ಮೈಗೆ ಅದು ಒತ್ತಿದರೂ ಚುಚ್ಚಿದರೂ ಹೇಳುವವರು ಯಾರು? ಇದನ್ನೆಲ್ಲ ಯೋಚಿಸಿಯೇ ಅವರು ತೆಗೆಯಿರಿ ಅನ್ನುವುದು. ನಿಮ್ಮನ್ನು ಕಾಪಾಡಲಿಕ್ಕೆ ಮಾಡಿದ ನಿಯಮ ಅದು.

ಈಗ ಶಾಸ್ತ್ರದ ವಿಷಯ. ಪಾಠಶಾಲೆಯಲ್ಲಿ ನಮಗೆ ಮೊದಲು ತಲೆಗೆ ತುಂಬುತ್ತಿದ್ದ ವಿಚಾರಗಳಲ್ಲಿ ಒಂದು, ಅಂಗ ಯಾವುದು, ಪ್ರಧಾನ ಯಾವುದು ಎನ್ನುವ ವಿವೇಕ. ಯಾವ ಕರ್ಮದಲ್ಲೂ ಒಂದು ಪ್ರಧಾನ ಇರುತ್ತದೆ, ಅದಕ್ಕೆ ಒದಗುವ ಅಂಗಗಳು ಹಲವು ಇರುತ್ತವೆ. ಅಂಗಕ್ಕೆ ಲೋಪ ಬಂತು ಅಂತ ಪ್ರಧಾನವನ್ನು ಬಿಡುವ ಹಾಗಿಲ್ಲ. ಯಜ್ಞಕ್ಕೆ ಸೋಮಲತೆ ಸಿಗದಿದ್ದರೆ ಪೂತೀಕ ಎಂಬ ಬೇರೆ ಬಳ್ಳಿ ತಂದು ನಡೆಸಿ ಅಂತ ಶಾಸ್ತ್ರವೇ ಹೇಳಿತು. ಯಜ್ಞವನ್ನೇ ನಿಲ್ಲಿಸಿ ಅನ್ನಲಿಲ್ಲ. ನಿತ್ಯಕರ್ಮಗಳಲ್ಲಿ ಶಕ್ತಿ ಇದ್ದಷ್ಟು ಮಾಡಿದರೂ ಸಾಕು ಎನ್ನುವ ರಿಯಾಯಿತಿ ಬಂದದ್ದೂ ಈ ವಿವೇಕದಿಂದಲೇ.

ಹಾಗಾದರೆ ವಿವಾಹದಲ್ಲಿ ಪ್ರಧಾನ ಯಾವುದು? ಆಶ್ವಲಾಯನ, ಆಪಸ್ತಂಬ ಮೊದಲಾದ ಗೃಹ್ಯಸೂತ್ರಗಳನ್ನು ನೋಡಿದರೆ ಅಲ್ಲಿ ಎದ್ದು ಕಾಣುವುದು ಪಾಣಿಗ್ರಹಣ, ಲಾಜಹೋಮ, ಅಶ್ಮಾರೋಹಣ, ಸಪ್ತಪದಿ. ಕೈ ಹಿಡಿಯುವುದು, ಅಗ್ನಿಗೆ ಅರಳು ಹಾಕುವುದು, ಕಲ್ಲು ಮೆಟ್ಟುವುದು, ಜೊತೆಯಾಗಿ ಏಳು ಹೆಜ್ಜೆ ಇಡುವುದು. ನಮ್ಮ ದೇಶದ 1955ರ ಹಿಂದೂ ವಿವಾಹ ಕಾಯ್ದೆ ಕೂಡ, ಸಪ್ತಪದಿ ಇರುವ ಮದುವೆಗಳಲ್ಲಿ ಏಳನೇ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಯಿತು ಅನ್ನುತ್ತದೆ. ತಾಳಿ ಕಟ್ಟುವುದು ನಮ್ಮ ದಕ್ಷಿಣದ ಕಡೆ ಆಚಾರದಿಂದ ಬೆಳೆದು, ಮದುವೆಯ ಅತ್ಯಂತ ಪ್ರೀತಿಯ ಗಳಿಗೆಯಾಗಿ ನಿಂತಿದೆ. ಉತ್ತರದಲ್ಲಿ ಹಲವು ಕಡೆ ಸಿಂಧೂರಕ್ಕೆ ಆ ಸ್ಥಾನ. ಬಂಗಾಳದಲ್ಲಿ ಶಂಖದ ಬಳೆ. ಕಾಶ್ಮೀರಿ ಪಂಡಿತರ ಹೆಣ್ಣುಮಕ್ಕಳಿಗೆ ಸೌಭಾಗ್ಯದ ಗುರುತು ಕಿವಿಯಿಂದ ಇಳಿಬಿಟ್ಟ ದೇಜಹೋರ್. ಗುರುತು ಊರಿಗೊಂದು, ಧರ್ಮ ಮಾತ್ರ ಒಂದೇ. ಇದನ್ನು ಮಾಂಗಲ್ಯದ ಮಹತ್ವ ಕಡಿಮೆ ಮಾಡುವುದಕ್ಕೆ ಹೇಳುತ್ತಿಲ್ಲ. ಮಾಂಗಲ್ಯ ಯಾವುದರ ಗುರುತೋ ಅದು ಮಾಂಗಲ್ಯಕ್ಕಿಂತ ದೊಡ್ಡದು ಅಂತ ಹೇಳುತ್ತಿದ್ದೇನೆ, ಅಷ್ಟೆ.

ಇನ್ನೊಂದು ಮಾತನ್ನು ಗಮನವಿಟ್ಟು ಓದಿ. ಮಾಂಗಲ್ಯ ಕಟ್ಟುವಾಗ ನಾವು ಪುರೋಹಿತರು ವರನಿಂದ ಒಂದು ಶ್ಲೋಕ ಹೇಳಿಸುತ್ತೇವೆ. ಗಟ್ಟಿಮೇಳದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುವುದಿಲ್ಲ, ಹೇಳಿದ ವರನಿಗೂ ಅರ್ಥವಾಗಿರುವುದಿಲ್ಲ. ಅದರಲ್ಲಿ ನೂರು ವರ್ಷ ಬಾಳಲಿ ಎನ್ನುವ ಹಾರೈಕೆ ಇದೆ. ಯಾರಿಗೆ ಗೊತ್ತಾ? ವಧುವಿಗೆ! ಗಂಡನಾದವನು, ತನ್ನ ಬದುಕಿಗೇ ಆಧಾರವಾದ ಈ ದಾರವನ್ನು ಕಟ್ಟುತ್ತಾ, ನೀನು ನೂರು ಕಾಲ ಬಾಳು ಅಂತ ಹೆಂಡತಿಗೆ ಹೇಳುವ ಮಾತು ಅದು. ತಾಳಿಯನ್ನು ಗಂಡನ ಆಯುಸ್ಸಿಗೆ ಮಾತ್ರ ಗಂಟುಹಾಕಿದ್ದು ಲೋಕರೂಢಿ. ಶ್ಲೋಕ ಕೇಳುವುದು ಹೆಂಡತಿಯ ಆಯುಸ್ಸನ್ನು. ಈಗ ಹೇಳಿ ತಾಯಿ, ಆ ದಾರವನ್ನು ಕೊರಳಿನಿಂದ ತೆಗೆಯಬಾರದು ಅಂತ ನಿಮ್ಮ ಆಯುಸ್ಸನ್ನೇ ಪಣಕ್ಕಿಟ್ಟರೆ, ಆ ಮಾತನ್ನು ಉಳಿಸಿದ ಹಾಗಾಯಿತೋ, ಮುರಿದ ಹಾಗಾಯಿತೋ?

ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. "ದಾರ ಬದಲಾಯಿಸುವಾಗ ಬಿಟ್ಟರೆ" ಅಂತ ಬರೆದಿದ್ದೀರಿ. ಕರಿಮಣಿ ಸವೆದಾಗ, ದಾರ ಹಳತಾದಾಗ ಮಾಂಗಲ್ಯ ತೆಗೆಯುತ್ತೇವೆ, ಹೊಸದಾಗಿ ಪೋಣಿಸುತ್ತೇವೆ. ಅಕ್ಕಸಾಲಿಗರ ಹತ್ತಿರ ಕೊಟ್ಟು ಎರಡು ದಿನ ಆಗುತ್ತೆ ಅಂದರೆ ಅಷ್ಟರತನಕ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಳ್ಳುತ್ತೇವೆ. ಇದನ್ನು ಯಾರೂ ದೋಷ ಅನ್ನಲಿಲ್ಲ. ಸರ ದುರಸ್ತಿ ಮಾಡಿಸಲು ತೆಗೆಯಬಹುದಾದರೆ, ಶರೀರ ದುರಸ್ತಿ ಮಾಡಿಸಲು ತೆಗೆಯಬಾರದೇ?

ಕಿವಿ ಮೂಗಿನ ಆಭರಣದ ವಿಚಾರವೂ ಹೀಗೆಯೇ. ಕರ್ಣವೇಧ ಒಂದು ಸಂಸ್ಕಾರ, ನಿಜ. ಆದರೆ ಅದು ನಡೆದದ್ದು ನಿಮಗೆ, ಓಲೆಗಲ್ಲ. ಓಲೆ ತೆಗೆದಿಟ್ಟರೆ ಸಂಸ್ಕಾರ ಹೋಗುವುದಿಲ್ಲ. ಸ್ವಾರಸ್ಯ ನೋಡಿ, ಕಿವಿ ಚುಚ್ಚುವ ಕ್ರಮವನ್ನು ವಿವರವಾಗಿ ಬರೆದವರು ಶಸ್ತ್ರಚಿಕಿತ್ಸೆಗೆ ಹೆಸರಾದ ಸುಶ್ರುತರೇ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೇ ಅಧ್ಯಾಯದಲ್ಲಿ ಅದು ಬರುತ್ತದೆ. ಮಗುವಿಗೆ ಆರನೇ ಅಥವಾ ಏಳನೇ ತಿಂಗಳಲ್ಲಿ, ರಕ್ಷಣೆಗೂ ಅಲಂಕಾರಕ್ಕೂ ಕಿವಿ ಚುಚ್ಚಬೇಕು ಅನ್ನುತ್ತಾರೆ. ಆಭರಣದ ಉದ್ದೇಶವೇ ರಕ್ಷಣೆ ಆದಮೇಲೆ, ರಕ್ಷಣೆಗಾಗಿ ಅದನ್ನು ಒಂದು ದಿನ ತೆಗೆದಿಟ್ಟರೆ ವಿರೋಧ ಎಲ್ಲಿಂದ ಬಂತು?

ಅದೇ ಸೂತ್ರಸ್ಥಾನದ 5ನೇ ಅಧ್ಯಾಯದಲ್ಲಿ ಶಸ್ತ್ರಕರ್ಮಕ್ಕೆ ಮೊದಲು ಏನೇನು ಮಾಡಬೇಕು ಅಂತಲೂ ಇದೆ. ಒಳ್ಳೆಯ ತಿಥಿ, ಕರಣ, ಮುಹೂರ್ತ, ನಕ್ಷತ್ರ ನೋಡಬೇಕು. ಅಗ್ನಿಯನ್ನೂ ವಿಪ್ರರನ್ನೂ ವೈದ್ಯರನ್ನೂ ಪೂಜಿಸಬೇಕು. ರೋಗಿಗೆ ಹಗುರವಾಗಿ ಊಟ ಕೊಟ್ಟು ಪೂರ್ವಾಭಿಮುಖವಾಗಿ ಕೂರಿಸಬೇಕು. "ನೋಡಿ, ಮುಹೂರ್ತ ಬೇಕು ಅಂತ ಅಲ್ಲೇ ಇದೆಯಲ್ಲ" ಅನ್ನುವವರಿಗೆ ಆ ಅಧ್ಯಾಯವನ್ನು ಕೊನೆತನಕ ಓದಿ ಅಂತ ಹೇಳುತ್ತೇನೆ. ರೋಗ ತೀವ್ರವಾಗಿರುವ ಕಡೆ ಈ ಕ್ರಮಗಳನ್ನು ಕಾಯುತ್ತಾ ಕೂರಬಾರದು, ಹೊತ್ತಿಕೊಂಡ ಮನೆಯನ್ನು ಆರಿಸುವ ಹಾಗೆ ಧಾವಿಸಬೇಕು ಎನ್ನುವ ಅರ್ಥದ ಮಾತೂ ಅಲ್ಲೇ ಇದೆ. ಮುಹೂರ್ತ ಹೇಳಿದವರೇ ಮುಹೂರ್ತ ಬಿಡಬೇಕಾದ ಜಾಗವನ್ನೂ ಹೇಳಿದ್ದಾರೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ಹೇಳಲು ಸಂಕೋಚ, ಆದರೂ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ನಮಗೆ ಪರಿಚಯದ ಮನೆಯ ಒಬ್ಬ ತಾಯಿ ಇಂಥದೇ ಪ್ರಶ್ನೆ ಹಿಡಿದು ಬಂದಿದ್ದರು. ಹೊಕ್ಕುಳ ಹತ್ತಿರ ಹರ್ನಿಯಾ. ಆಗ ಆಷಾಢ ನಡೆಯುತ್ತಿತ್ತು. ನಾನು ಪಂಚಾಂಗ ತೆರೆದು, ವೈದ್ಯರು ಏನೆಂದರು ಅಂತಲೂ ಕೇಳದೆ, "ಆಷಾಢ ಕಳೀಲಿ, ಮುತ್ತೈದೆಯ ಮಾಂಗಲ್ಯ ತೆಗೆಯೋ ವಿಷಯ, ಶ್ರಾವಣದಲ್ಲಿ ಒಳ್ಳೇ ದಿನ ಕೊಡ್ತೀನಿ" ಅಂದೆ. ದಿನ ಗುರುತು ಮಾಡಿಯೂ ಕೊಟ್ಟೆ. ಆ ದಿನಕ್ಕೆ ಇನ್ನೂ 19 ದಿನ ಇರುವಾಗ ಕರುಳು ಸಿಕ್ಕಿಹಾಕಿಕೊಂಡು, ಮಧ್ಯರಾತ್ರಿ ಆಸ್ಪತ್ರೆಗೆ ಕರೆದೊಯ್ದರು. ಬಳೆ, ಮೂಗುಬೊಟ್ಟು ಬಿಚ್ಚಲು ವ್ಯವಧಾನವಿಲ್ಲದೆ ಕತ್ತರಿಸಿ ತೆಗೆದರಂತೆ. ಮಾಂಗಲ್ಯವನ್ನು ಯಾರು ತೆಗೆದರೋ ಅವರಿಗೇ ನೆನಪಿಲ್ಲ. ಕರುಳಿನ ಒಂದು ಭಾಗ ತೆಗೆಯಬೇಕಾಯಿತು. ದೇವರ ದಯೆ, ಬದುಕಿದರು. ಒಂದು ದಿನವೂ ನನ್ನನ್ನು ದೂರಲಿಲ್ಲ. ಗುಣವಾದ ಮೇಲೆ ತಾಂಬೂಲ ಕೊಡುವುದಕ್ಕೆ ನಮ್ಮ ಮನೆಗೇ ಬಂದರು. ನನಗೆ ತಲೆ ಎತ್ತಿ ಮಾತಾಡಲಾಗಲಿಲ್ಲ. ಅವತ್ತಿನಿಂದ, ಯಾರಾದರೂ ಆಪರೇಷನ್‌ಗೆ ದಿನ ಕೇಳಿಕೊಂಡು ಬಂದರೆ ನನ್ನ ಮೊದಲ ಪ್ರಶ್ನೆ: "ವೈದ್ಯರು ಎಷ್ಟು ದಿನ ಕಾಯಬಹುದು ಅಂದಿದ್ದಾರೆ?" ಅವರು ಕೊಟ್ಟ ಅವಧಿಯೊಳಗೆ ಒಳ್ಳೆಯ ದಿನ ಸಿಕ್ಕರೆ ಸಂತೋಷ. ಇಲ್ಲದಿದ್ದರೆ ವೈದ್ಯರು ಹೇಳಿದ ದಿನವೇ ಒಳ್ಳೆಯ ದಿನ.

ಈಗ ನಿಮ್ಮ ಅತ್ತೆಯವರಿಗೆ ಎರಡು ಮಾತು. ದಯವಿಟ್ಟು ಈ ಭಾಗವನ್ನು ಅವರಿಗೆ ಓದಿ ಹೇಳಿ. ಅಮ್ಮಾ, ನಮಸ್ಕಾರ. ನೀವು ಅಳುತ್ತಿರುವುದು ಮಗನ ಮೇಲಿನ ಮಮತೆಯಿಂದ, ಅದು ನನಗೆ ಗೊತ್ತು. ನಾನು ಜಾತಕ ನೋಡುವವನು, ಅದೇ ಭಾಷೆಯಲ್ಲಿ ಹೇಳುತ್ತೇನೆ. ಆಯುಸ್ಸನ್ನು ನೋಡುವಾಗ ನಾವು ಲಗ್ನ ನೋಡುತ್ತೇವೆ, ಅಷ್ಟಮ ನೋಡುತ್ತೇವೆ, ಶನಿಯನ್ನು ನೋಡುತ್ತೇವೆ, ದಶೆ ನೋಡುತ್ತೇವೆ. ಹೆಂಗಸರ ಜಾತಕದಲ್ಲಿ ಎಂಟನೇ ಮನೆಯನ್ನು ಮಾಂಗಲ್ಯಸ್ಥಾನ ಅಂತಲೂ ಕರೆಯುತ್ತೇವೆ. ಆದರೆ ಅಲ್ಲಿ ಲೆಕ್ಕಕ್ಕೆ ಬರುವುದು ಗ್ರಹಗಳು. ಸರ ಕೊರಳಲ್ಲಿದೆಯೋ ದೇವರಮನೆಯ ತಟ್ಟೆಯಲ್ಲಿದೆಯೋ ಅಂತ ಕೇಳುವ ಲೆಕ್ಕ ನಾನು ಕಲಿತ ಯಾವ ಪಾಠದಲ್ಲೂ ಇಲ್ಲ. ನಿಮ್ಮ ಮಗನಿಗೆ ಈ ವಯಸ್ಸಿನಲ್ಲಿ ಊಟ, ಔಷಧ, ಆರೈಕೆ ನೋಡಿಕೊಳ್ಳುವ ಕೈ ಯಾವುದು? ಆ ಕೈಯಲ್ಲಿ ರಕ್ತವಿಲ್ಲದೆ ನಡುಗುತ್ತಿದ್ದರೆ ಮಗನಿಗೆ ಕ್ಷೇಮವೇ? ಹಿರಿಯರಾದ ನೀವೇ ತಲೆಯ ಮೇಲೆ ಅಕ್ಷತೆ ಹಾಕಿ "ಹೋಗಿ ಬಾ ಮಗಳೇ" ಅಂದರೆ ಆಕೆಗೆ ಅದಕ್ಕಿಂತ ದೊಡ್ಡ ರಕ್ಷೆ ಬೇರೆ ಇಲ್ಲ.

ನಿಮ್ಮ ಯಜಮಾನರಿಗೂ ಒಂದು ಮಾತು. "ನಿನ್ನಿಷ್ಟ" ಅನ್ನುವುದು ಕೇಳಲು ಉದಾರವಾಗಿದೆ. ಆದರೆ ಇದು ಸೀರೆಯ ಬಣ್ಣ ಆರಿಸುವ ವಿಷಯವಲ್ಲ. ಕಟ್ಟಿದವರು ನೀವು. ನೂರು ಕಾಲ ಬಾಳು ಅಂತ ಅಗ್ನಿಯ ಎದುರು ಅಂದವರು ನೀವು. ತೀರ್ಮಾನದ ಭಾರವನ್ನೆಲ್ಲ ರಕ್ತ ಕಳೆದುಕೊಂಡು ಸುಸ್ತಾದ ಹೆಂಡತಿಯ ಮೇಲೆ ಬಿಟ್ಟು, ನಾಳೆ ಏನಾದರೂ ಆದರೆ "ಅವಳೇ ತೆಗೆದಳು" ಎನ್ನುವುದಕ್ಕೆ ಜಾಗ ಇಟ್ಟುಕೊಳ್ಳುವುದು ಗೃಹಸ್ಥಧರ್ಮವಲ್ಲ. "ನಾನು ಕಟ್ಟಿದ್ದು, ನಾನೇ ತೆಗೆಯುತ್ತೇನೆ, ನಾನೇ ಮತ್ತೆ ಹಾಕುತ್ತೇನೆ" ಅಂತ ತಾಯಿಯ ಎದುರಿಗೆ ಗಟ್ಟಿಯಾಗಿ ಹೇಳಿ. ತಾಯಿಯನ್ನು ಧಿಕ್ಕರಿಸಿದ ಹಾಗಾಗುವುದಿಲ್ಲ. ಅವರ ಭಯದ ಭಾರವನ್ನೂ ನೀವು ಹೊತ್ತ ಹಾಗಾಗುತ್ತದೆ.

ತಾಯಿ, ಈಗ ನಿಮ್ಮ ಒಳಗಿನ ಅಳುಕಿನ ಮಾತು. ದೋಷವಿಲ್ಲ ಅಂತ ನಾನು ಎಷ್ಟು ಹೇಳಿದರೂ ಕೈ ಕೊರಳಿಗೆ ಹೋದಾಗ ಬರಿದಾಗಿದ್ದರೆ ಎದೆ ಝಲ್ಲೆನ್ನುತ್ತದೆ. ಅದನ್ನು ನಾನು ಅಜ್ಞಾನ ಅನ್ನುವುದಿಲ್ಲ. ನನ್ನ ಮನೆಯವರಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆದಾಗ ಮಾಂಗಲ್ಯ ತೆಗೆದವನು ನಾನೇ. ನೂರಾರು ಮದುವೆ ಮಾಡಿಸಿದವನು, ಎಷ್ಟೋ ವರರಿಗೆ ಗಂಟು ಹೇಗೆ ಹಾಕಬೇಕು ಅಂತ ತೋರಿಸಿಕೊಟ್ಟವನು. ಅವತ್ತು ನನ್ನ ಬೆರಳಿಗೇ ಕೊಂಡಿ ಸಿಗಲಿಲ್ಲ. ಶಾಸ್ತ್ರ ಗೊತ್ತಿದ್ದರೂ ಕೈ ನಡುಗುತ್ತದೆ. ಇಷ್ಟು ವರ್ಷ ಜೊತೆಗಿದ್ದ ವಸ್ತುವಿನ ಮೇಲೆ ಮಮತೆ ಇರುವುದು ಸಹಜ, ಇರಲೂಬೇಕು. ಆದರೆ ಮಮತೆ ಬೇರೆ, ಭಯ ಬೇರೆ.

ಆ ಭಯದ ಬೇರು ಎಲ್ಲಿದೆ ಅಂತ ಒಮ್ಮೆ ಯೋಚಿಸಿ. ಬರಿದಾದ ಕೊರಳು ಅಂದರೆ ಅಮಂಗಳ ಅಂತ ನಾವು ಮನಸ್ಸಿಗೆ ಕಲಿಸಿದ್ದೇವೆ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ಶುಭಕಾರ್ಯದಲ್ಲಿ ಮೂಲೆಗೆ ಕೂರಿಸಿ, ಅವರ ಮುಖ ನೋಡಿದರೆ ಅಪಶಕುನ ಅಂದ ಮನೆಗಳು ಎಷ್ಟಿಲ್ಲ? ನನ್ನ ವೃತ್ತಿಯವರೂ ಅದಕ್ಕೆ ಹೂಂ ಅಂದಿದ್ದೇವೆ. ಅವರಿಗೆ ಹಾಗೆ ಮಾಡಿದ್ದರ ಫಲವಾಗಿಯೇ ಇವತ್ತು ಮುತ್ತೈದೆಯೊಬ್ಬಳು ಆಸ್ಪತ್ರೆಯ ಕನ್ನಡಿಯಲ್ಲಿ ತನ್ನ ಕೊರಳನ್ನು ನೋಡಿಕೊಳ್ಳಲು ಹೆದರುತ್ತಿದ್ದಾಳೆ. ಪರರ ಕೊರಳನ್ನು ಅಮಂಗಳ ಅಂದ ಸಮಾಜಕ್ಕೆ ತನ್ನ ಕೊರಳೂ ಒಂದು ದಿನ ಭಯ ಹುಟ್ಟಿಸುತ್ತದೆ. ಯಾವ ಹೆಣ್ಣಿನ ಕೊರಳೂ ಅಮಂಗಳವಲ್ಲ. ಇಷ್ಟನ್ನು ಒಪ್ಪಿಕೊಂಡರೆ ನಿಮ್ಮ ಭಯ ಅರ್ಧ ಇಳಿಯುತ್ತದೆ.

ಕೆಲವರು ಇನ್ನೊಂದು ಕಡೆಯಿಂದ ಕೇಳುತ್ತಾರೆ: "ಸ್ವಾಮಿ, ಆಪರೇಷನ್‌ಗೆ ತೆಗೆಯಬಹುದು ಅಂತೀರಿ. ನಾಳೆ ಮಗಳು ಆಫೀಸಿಗೆ ಹೊಂದಲ್ಲ ಅಂತ ತೆಗೀತಾಳೆ. ಅದಕ್ಕೂ ಇದೇ ನ್ಯಾಯವೇ?" ಒಳ್ಳೆಯ ಪ್ರಶ್ನೆ. ತೆಗೆಯುವ ಕೆಲಸ ಒಂದೇ ಆದರೂ ಕಾರಣ ಬೇರೆ. ಏಕಾದಶಿಯಂದು ಕಾಯಿಲೆಯವರು ಔಷಧದ ಜೊತೆ ಗಂಜಿ ಕುಡಿಯುವುದೂ ಗಟ್ಟಿಮುಟ್ಟಾದವರು ನಾಲಿಗೆ ಚಪಲಕ್ಕೆ ತಿನ್ನುವುದೂ ಒಂದೇ ಅಲ್ಲ. ಆತುರರಿಗೆ, ಅಂದರೆ ರೋಗಿಗಳಿಗೆ, ಧರ್ಮಶಾಸ್ತ್ರ ಯಾವಾಗಲೂ ಬೇರೆಯೇ ದಾರಿ ಮಾಡಿಕೊಟ್ಟಿದೆ. ಸ್ನಾನ ಮಾಡಲಾಗದವರಿಗೆ ಮಂತ್ರಸ್ನಾನ, ಭಸ್ಮಸ್ನಾನ, ಮಾನಸಸ್ನಾನ ಇವೆ. ರೋಗಿಗೆ ಅನುಕೂಲ ಮಾಡಿಕೊಟ್ಟರೆ ಆರೋಗ್ಯವಂತರು ಆಚಾರ ಬಿಡುತ್ತಾರೆ ಅಂತ ಶಾಸ್ತ್ರಕಾರರು ಹೆದರಲಿಲ್ಲ, ನಾವೂ ಹೆದರಬೇಕಾಗಿಲ್ಲ. ಮಗಳ ವಿಷಯವನ್ನು ಮಗಳು ಅಳಿಯ ಕೂತು ಮಾತಾಡಿಕೊಳ್ಳಲಿ. ಅದರ ಸಿಟ್ಟನ್ನು ರೋಗಿಯ ಮೇಲೆ ಹಾಕುವುದು ಬೇಡ.

ಇನ್ನು ಹೇಗೆ ಮಾಡಬೇಕು ಅಂತ ಹೇಳುತ್ತೇನೆ. ಇದು ದೋಷ ಪರಿಹಾರವಲ್ಲ, ಮನಸ್ಸಿಗೆ ಒಂದು ಕ್ರಮ.

ಮೂಗುಬೊಟ್ಟು, ಓಲೆಗಳ ತಿರುಪು ಬಿಗಿಯಾಗಿದ್ದರೆ ನಾಲ್ಕು ದಿನ ಮೊದಲೇ ಅಕ್ಕಸಾಲಿಗರಲ್ಲಿ ಸಡಿಲ ಮಾಡಿಸಿಕೊಳ್ಳಿ. ಬಳೆಯನ್ನು ಒಡೆಯಬೇಡಿ, ಸೋಪು ಹಚ್ಚಿ ಜಾರಿಸಿ ತೆಗೆಯಿರಿ. ಒಂದು ವೇಳೆ ಒಡೆದರೆ ಗಾಬರಿ ಬೇಡ. ನಮ್ಮ ಹಿರಿಯರು ಬಳೆ ಒಡೆಯಿತು ಅನ್ನುತ್ತಿರಲಿಲ್ಲ, "ಹೆಚ್ಚಿತು" ಅನ್ನುತ್ತಿದ್ದರು. ಆ ಮಾತನ್ನು ನೀವೂ ಆಡಿ, ಮುಂದೆ ಹೋಗಿ.

ಆಸ್ಪತ್ರೆಗೆ ಹೊರಡುವ ದಿನ ಮಾಂಗಲ್ಯವನ್ನು ಮನೆಯಲ್ಲೇ ತೆಗೆಯುವುದು ಉತ್ತಮ. ಅಲ್ಲಿ ತೆಗೆದು, ಕರವಸ್ತ್ರದಲ್ಲಿ ಕಟ್ಟಿ, ಯಾರ ಕೈಗೋ ಕೊಟ್ಟು ಕಳೆದುಕೊಳ್ಳುವ ಚಿಂತೆ ಬೇಡ. ದೇವರ ಮುಂದೆ ದೀಪ ಹಚ್ಚಿ, ಪೂರ್ವಕ್ಕೆ ಮುಖ ಮಾಡಿ ಕುಳಿತುಕೊಳ್ಳಿ. ಯಜಮಾನರು ತಮ್ಮ ಕೈಯಿಂದ ಮಾಂಗಲ್ಯ ತೆಗೆದು, ತಟ್ಟೆಯಲ್ಲಿ ಅಕ್ಷತೆಯ ಮೇಲಿಟ್ಟು, ಅರಿಶಿನ ಕುಂಕುಮ ಹಾಕಿ, ದೇವರ ಬಳಿ ಇಡಲಿ. ಇಬ್ಬರೂ ಸೇರಿ ಕನ್ನಡದಲ್ಲೇ ಹೇಳಿಕೊಳ್ಳಿ: "ತಾಯಿ ಗೌರೀ, ಈ ಶರೀರ ಗುಣವಾಗಿ ಬರುವ ತನಕ ಇದು ನಿನ್ನ ಹತ್ತಿರ ಇರಲಿ. ಕಾಪಾಡಿ ನಮಗೆ ಮತ್ತೆ ಕೊಡು." ಇಷ್ಟು ಸಾಕು. ಯಜಮಾನರು ಊರಲ್ಲಿಲ್ಲದವರು, ಗಂಡ ವಿದೇಶದಲ್ಲಿರುವವರು ತಾವೇ ತೆಗೆಯಬಹುದು, ಮಕ್ಕಳ ಕೈಯಿಂದಲೂ ತೆಗೆಸಬಹುದು. ತುರ್ತು ಸಂದರ್ಭದಲ್ಲಿ ಆಸ್ಪತ್ರೆಯ ದಾದಿ ತೆಗೆದರೂ ಯಾವ ಮೈಲಿಗೆಯೂ ಇಲ್ಲ, ದೋಷವೂ ಇಲ್ಲ. ಪ್ರಾಣ ಉಳಿಸುವ ಕೈ ಅದು.

ಅರಿಶಿನದ ದಾರ ಕಟ್ಟಿಕೊಂಡು ಹೋಗಬಹುದೇ ಅಂದರೆ, ಲೋಹವಿಲ್ಲದ ಹತ್ತಿಯ ದಾರವನ್ನು ಕೆಲವು ವೈದ್ಯರು ಒಪ್ಪಬಹುದು. ವಿನಯವಾಗಿ ಕೇಳಿ. ಬೇಡ ಅಂದರೆ ವಾದ ಮಾಡದೆ ಅದನ್ನೂ ತೆಗೆದಿಡಿ. ಕೈಗೆ ಕಟ್ಟಿದ ರಕ್ಷಾದಾರ, ತಾಯತಕ್ಕೂ ಇದೇ ಮಾತು. ಮತ್ತೊಂದು ಮುಖ್ಯ ವಿಷಯ: ಸುಶ್ರುತರ ಕಾಲದಲ್ಲಿ ಹಗುರವಾಗಿ ಊಟ ಕೊಡುತ್ತಿದ್ದರು ಅಂದೆನಲ್ಲ, ಈಗ ಪ್ರಜ್ಞೆ ತಪ್ಪಿಸುವ ವಿಧಾನ ಬೇರೆ, ಹೊಟ್ಟೆ ಖಾಲಿ ಇರಬೇಕು. ವೈದ್ಯರು ಏನನ್ನೂ ಸೇವಿಸಬಾರದು ಅಂದ ಹೊತ್ತಿನಲ್ಲಿ ತೀರ್ಥ, ಪ್ರಸಾದವನ್ನೂ ಬಾಯಿಗೆ ಹಾಕಿಕೊಳ್ಳಬೇಡಿ. ಕಣ್ಣಿಗೆ ಒತ್ತಿಕೊಂಡು ತೆಗೆದಿಡಿ. ಉಗುರಿನ ಬಣ್ಣವನ್ನೂ ತೆಗೆದು ಹೋಗಿ, ಬೆರಳ ತುದಿಗೆ ಯಂತ್ರ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುತ್ತಾರೆ.

ಮತ್ತೆ ಧರಿಸುವುದು ಯಾವಾಗ? ವೈದ್ಯರು ಅನುಮತಿ ಕೊಟ್ಟ ದಿನ. ಮುಹೂರ್ತ ಬೇಡ, ವಾರ ಬೇಡ, ರಾಹುಕಾಲ ನೋಡುವುದು ಬೇಡ. ಸ್ನಾನಕ್ಕೆ ಅಪ್ಪಣೆ ಸಿಗದಿದ್ದರೆ ಒದ್ದೆ ಬಟ್ಟೆಯಲ್ಲಿ ಕೈ, ಮುಖ, ಕೊರಳು ಒರೆಸಿಕೊಂಡರೆ ಸಾಕು. ಯಜಮಾನರು ದೇವರ ತಟ್ಟೆಯಿಂದ ತೆಗೆದು ಹಾಕಲಿ. ಹೊಸದಾಗಿ ಮಾಂಗಲ್ಯಧಾರಣೆಯ ವಿಧಿ ಬೇಕಾಗಿಲ್ಲ, ಯಾಕೆಂದರೆ ಮದುವೆ ಮುರಿದೇ ಇಲ್ಲ. ನಿಮಗೆ ಪೂರ್ತಿ ಶಕ್ತಿ ಬಂದ ಮೇಲೆ ಒಂದು ಶುಕ್ರವಾರ ಕುಂಕುಮಾರ್ಚನೆ ಮಾಡಿಕೊಂಡರೆ ಸಂತೋಷ. ಯಾರಾದರೂ ಇದಕ್ಕೆ ಹೋಮ, ಶಾಂತಿ ಅಂತ ಪಟ್ಟಿ ಕೊಟ್ಟರೆ ಒಪ್ಪಬೇಡಿ. ದೋಷವಿಲ್ಲದ ಕಡೆ ಪರಿಹಾರ ಮಾಡಿಸಿ ದಕ್ಷಿಣೆ ತೆಗೆದುಕೊಂಡರೆ ದೋಷ ನಮಗೇ ಬರುತ್ತದೆ.

ಗಂಡಸರ ಯಜ್ಞೋಪವೀತದ ಬಗ್ಗೆಯೂ ಕೇಳುವವರಿದ್ದಾರೆ. ಅದು ಹತ್ತಿಯ ದಾರ, ವೈದ್ಯರು ಬಿಟ್ಟರೆ ಇರಲಿ. ಆದರೆ ಅದಕ್ಕೆ ಕಟ್ಟಿಕೊಂಡ ಬೀಗದ ಕೈ, ಉಂಗುರ ತೆಗೆಯಿರಿ! ಎದೆ, ಹೊಟ್ಟೆಯ ಆಪರೇಷನ್‌ನಲ್ಲಿ ದಾರವೂ ಬೇಡ ಅಂದರೆ ತೆಗೆದಿಡಿ. ಗುಣವಾದ ಮೇಲೆ ಆಚಮನ, ಪ್ರಾಣಾಯಾಮ, ಸಂಕಲ್ಪ ಮಾಡಿ ಹೊಸದನ್ನು ಧರಿಸಿ, ಹಳೆಯದನ್ನು ವಿಸರ್ಜಿಸಿ. ಇಷ್ಟಲಿಂಗ ಧರಿಸುವ ಶರಣ ಬಂಧುಗಳಿಗೆ ಅದು ಆಭರಣವಲ್ಲ, ಪೂಜಾವಿಗ್ರಹವೇ. ಅಲ್ಲಿ ನನ್ನ ಸಂಪ್ರದಾಯದ ಮಾತು ಹೇಳುವುದು ಸಲ್ಲದು. ದಿನ ಗೊತ್ತಾದ ಕೂಡಲೇ ತಮ್ಮ ಗುರುಗಳನ್ನು ಕೇಳಿ ನಡೆದುಕೊಳ್ಳಲಿ.

ಕಾಳಿದಾಸನ ಕುಮಾರಸಂಭವದ ಐದನೇ ಸರ್ಗದಲ್ಲಿ ಪಾರ್ವತಿ ಆಭರಣಗಳನ್ನೆಲ್ಲ ತೆಗೆದಿಟ್ಟು ತಪಸ್ಸಿಗೆ ಕೂರುತ್ತಾಳೆ. ವಟುವಿನ ವೇಷದಲ್ಲಿ ಬಂದ ಶಿವ ಕ್ಷೇಮ ವಿಚಾರಿಸುವಾಗ, ಶರೀರದ ಶಕ್ತಿ ನೋಡಿಕೊಂಡು ತಪಸ್ಸು ಮಾಡುತ್ತಿದ್ದೀಯಷ್ಟೆ ಅಂತಲೂ ಕೇಳುತ್ತಾನೆ. ಗೌರಿಗೆ ದೋಷವಾಗದ್ದು ಅವಳ ಮಕ್ಕಳಾದ ನಿಮಗೆ ದೋಷವಾಗುವುದಿಲ್ಲ, ತಾಯಿ. ಧೈರ್ಯವಾಗಿ ಹೋಗಿ ಬನ್ನಿ. ಬಂದು, ಯಜಮಾನರ ಕೈಯಿಂದ ಮಾಂಗಲ್ಯ ಹಾಕಿಸಿಕೊಂಡ ದಿನ ನನಗೊಂದು ಕಾಗದ ಬರೆಯಿರಿ.

ದೀರ್ಘಾಯುಷ್ಯವಿರಲಿ, ನಿಮಗೂ ನಿಮ್ಮ ಯಜಮಾನರಿಗೂ. ಶುಭವಾಗಲಿ.